ಓದಿಸಿದವರು

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿಯನ್ನು
ಸುಮ್ಮನೆ ಕೈಗಿಡುವುದಿಲ್ಲ, ಓದಿಸುತ್ತಾರೆ.
ತೆಲುಗಿನವರು ಚದಿವಿಂಪುಲು ಅನ್ನುತ್ತಾರೆ,
ಚಿಂತಾಮಣಿಯಲ್ಲಿ ಎರಡೂ ನಡೆಯುತ್ತದೆ.

ಹಗಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ
ಮದನಪಲ್ಲಿ ಮದನಪಲ್ಲಿ ಎಂದು ಕೂಗಿ
ಗಂಟಲು ತಗಡಾಗಿದ್ದ ಪಿಳ್ಳವೆಂಕಟಪ್ಪ
ಧಾರೆ ಮುಗಿದ ಮೇಲೆ ಚಪ್ಪರದ ಕಂಬಕ್ಕೊರಗಿ
ನೋಟುಪುಸ್ತಕ ಬಿಚ್ಚುತ್ತಿದ್ದ:
"ಊಲವಾಡಿ ಚೌಡರೆಡ್ಡಿಯವರು, ಐವತ್ತೊಂದು ರೂಪಾಯಿ!
ಹೆಣ್ಣಿನ ಸೋದರತ್ತೆ, ಹಿತ್ತಾಳೆ ಕೊಳಗ, ಒಂದು!
ಕೈವಾರದ ಬೀಗರು..." ಇಲ್ಲಿ ತುಸು ನಿಲ್ಲಿಸಿ,
ಚಪ್ಪರವೆಲ್ಲ ಕಿವಿಯಾದ ಮೇಲೆ,
"ಹನ್ನೊಂದು."

ಬೀಗರು ಆಮೇಲೆ ಎಲೆಯಿಂದ ತಲೆಯೆತ್ತಲಿಲ್ಲ.
ಯಾರಿಂದ ಏನು ಬಂತೆಂದು
ಎಂಜಲೆಲೆ ಕಾಯುವ ನಾಯಿಗೂ ಗೊತ್ತಿರುತ್ತಿತ್ತು.

ನಾನು ಬರೆಯುವುದು ಫೋನಿನಲ್ಲಿ.
ಇಪ್ಪತ್ತಾರು ಸಾವಿರ ಜನ ಓದುತ್ತಾರೆ,
ಅವರೆಕಾಳು ಹಿತಕುವುದರಿಂದ ಹಿಡಿದು
ಕುಕ್ಕರಿನ ಗ್ಯಾಸ್ಕೆಟ್ಟಿನವರೆಗೆ
ನನ್ನ ಮಾತು ಕೇಳುತ್ತಾರೆ.
ಮಾರ್ಗಶಿರದ ಚಳಿಯಲ್ಲಿ ಎಣ್ಣೆ ಕಂಪನಿಯವರು ಬಂದರು.
ಗಾಣದ ಎಣ್ಣೆ ಎರಡು ಡಬ್ಬ, ನಾಲ್ಕು ಸಾವಿರ ರೂಪಾಯಿ,
ಜೊತೆಗೊಂದು ಸಣ್ಣ ಸಲಹೆ:
"ರೂಲ್ಸ್ ಇದೆ ಮೇಡಂ, ಹೇಳಲೇಬೇಕು.
ಆದರೆ ಕೊನೆಯಲ್ಲಿ ಹೇಳಿ,
ಹ್ಯಾಶ್‌ಟ್ಯಾಗುಗಳ ಹಿಂಡಿನ ನಡುವೆ,
ಸಹಯೋಗ ಅಂತ ಒಂದು ಪದ ಸಾಕು."

ಸಹಯೋಗ.
ಎಂಥ ಮಡಿಯ ಪದ!
ಪಂಚೆಯುಟ್ಟು, ಶಲ್ಯ ಹೊದ್ದು ಬಂದ ಹಾಗೆ,
ಜೇಬೊಂದು ಇದೆಯೆಂದೇ ಗೊತ್ತಾಗುವುದಿಲ್ಲ.

ಬರೆದೆ. ಚೆನ್ನಾಗಿಯೇ ಬರೆದೆ.
"ಮುಚ್ಚಳ ತೆಗೆದರೆ ನಮ್ಮಜ್ಜಿಯ ಅಡುಗೆಮನೆ" ಎಂದೆ.
ಹದಿನೇಳನೆಯ ಹ್ಯಾಶ್‌ಟ್ಯಾಗಿನ ಪಕ್ಕ
ಸಹಯೋಗವನ್ನು ಕೂರಿಸಿದೆ,
ಗ್ರೂಪ್ ಫೋಟೋದ ಹಿಂದಿನ ಸಾಲಿನಲ್ಲಿ
ಯಾರದೋ ಬೋಳುತಲೆ ಮಾತ್ರ ಕಂಡ ಹಾಗೆ.

ಎದುರುಮನೆಯ ನಸೀಮಾ ಓದಿದಳು.
ಚೇಳೂರು ಸರ್ಕಲ್ಲಿನಲ್ಲಿ ಸಂಜೆ ಬೋಂಡಾ ಗಾಡಿ ಅವಳದು.
ಹದಿನೈದು ಲೀಟರು ತರಿಸಿದಳು, ನನ್ನ ಮಾತಿನ ಮೇಲೆ.
ಬಾಣಲೆಯಲ್ಲಿ ಎಣ್ಣೆ ಹಾಲಿನಂತೆ ನೊರೆಯೆದ್ದು
ಉಕ್ಕಿತು, ಸ್ಟವ್ವಿನ ಮೇಲೆ,
ಅವಳ ಮುಂಗೈ ಮೇಲೆ.

ಮಾರನೆ ದಿನ ಬಾಗಿಲಿಗೆ ಬಂದಳು,
ಕೈಗೆ ಹಳದಿ ಮುಲಾಮು.
ಜಗಳಕ್ಕಲ್ಲ. ನಾನು ಜಗಳಕ್ಕೆ ಸಿದ್ಧಳಿದ್ದೆ.
ಕೇಳಿದ್ದು ಇಷ್ಟೇ:
"ಅಕ್ಕಾ, ನೀವು ಕೊಂಡ್ಕೊಂಡಿದ್ರಾ ಇದನ್ನ?"

ಬರೆದಿದ್ದೀನಲ್ಲಮ್ಮ, ಸಹಯೋಗ ಅಂತ,
ಎನ್ನಲು ಬಾಯಿ ತೆರೆದೆ.
ಬಾಯೊಳಗೆ ಆ ಪದ ಒಳಗೆ ಬೇಯದ ಬೋಂಡಾ.
ನುಂಗಲೂ ಇಲ್ಲ, ಉಗಿಯಲೂ ಇಲ್ಲ.
ನಸೀಮಾ ಕಾದಳು.
ಹಿಟ್ಟು ಕಲಸುವ ಹೊತ್ತಾಯಿತು, ಹೋದಳು.

ರಾತ್ರಿ ಬರೆದದ್ದನ್ನು ಮತ್ತೆ ತೆರೆದೆ.
ಪಿಳ್ಳವೆಂಕಟಪ್ಪನನ್ನು ಕರೆದು
ಮೊದಲ ಸಾಲಿನಲ್ಲೇ ನಿಲ್ಲಿಸಿದೆ:
"ಎಣ್ಣೆ ಕಂಪನಿಯವರು, ಡಬ್ಬ ಎರಡು,
ನಾಲ್ಕು ಸಾವಿರ ರೂಪಾಯಿ ಓದಿಸಿದ್ದಾರೆ!
ತಗೊಂಡವಳು ಅಶ್ವತ್ಥಕಟ್ಟೆ ಬೀದಿಯ ಸುಗುಣ!"
ಅದರ ಕೆಳಗೆ: ಕಾದರೆ ಉಕ್ಕುತ್ತದೆ.
ಎದುರುಮನೆಯ ಕೈ ಸುಟ್ಟಿದೆ.
ಜೋರಾಗಿಯೇ ಓದಿ ನೋಡಿದೆ.
ಗಂಡ ನಿದ್ದೆಯಲ್ಲಿ ಮಗ್ಗುಲಾಗಿ
"ಯಾರ ಮದುವೆ?" ಅಂದ.

ಬೆಳಗ್ಗೆ ಏಳಕ್ಕೇ ಕಂಪನಿಯ ಫೋನು.
ದುಡ್ಡು ವಾಪಸ್ ಕೇಳಿದರು.
ಎಂಟುನೂರು ಗ್ಯಾಸಿಗೆ ಹೋಗಿತ್ತು,
ಮಿಕ್ಕದ್ದು ಕಳಿಸಿದೆ.

ಇನ್ನು ಒಂದು ಸಾಲು ಉಳಿದಿದೆ.
ಅಜ್ಜಿಯ ಅಡುಗೆಮನೆಯಲ್ಲಿ ಇದ್ದದ್ದು
ಸೊಸೈಟಿಯ ಪಾಮಾಯಿಲ್, ಕಾರ್ಡಿಗೆ ಒಂದು ಲೀಟರು.
ಮುಚ್ಚಳ ತೆಗೆದರೆ ಸೀಮೆಎಣ್ಣೆ ವಾಸನೆ,
ಎರಡನ್ನೂ ಒಂದೇ ಚೀಲದಲ್ಲಿ ತರುತ್ತಿದ್ದೆವಲ್ಲ.
ಆ ಅಜ್ಜಿಯನ್ನು ಡಬ್ಬದಲ್ಲಿ ತುಂಬಿ ಮಾರಿದ್ದಕ್ಕೆ
ಯಾವ ರೂಲ್ಸಿನಲ್ಲೂ ಕಲಮಿಲ್ಲ.
ಪಿಳ್ಳವೆಂಕಟಪ್ಪ ಕಂಬಕ್ಕೊರಗಿ ನಿಂತೇ ಇದ್ದಾನೆ,
ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತ,
ಏನಂತ ಕೂಗಲಿ ಎಂದು.