ಎಡಗಾಲು

ನಮ್ಮ ಬಡಾವಣೆಯ ಹೆಸರು ಅಫೊಗಾದುಸ್.
ಮುಳುಗಿದವರು ಎಂದರ್ಥ. ನಗಬೇಡಿ,
ರೆಸಿಫೆಯಲ್ಲಿ ನೀರಿಗೆ ಹೆದರಿದರೆ
ಸಂತೆಗೂ ಹೋಗಲಾಗದು.

ಮೂರನೆ ಮಹಡಿ. ಲಿಫ್ಟು ಕೆಟ್ಟು ಎರಡು ವರ್ಷ.
ಏಳು ತಿಂಗಳ ಬಸುರಿ ಜುಸಿಲೇನೆ
ಪ್ರತಿ ಮಂಗಳವಾರ ಹತ್ತಿ ಬರುತ್ತಾಳೆ,
ಮೆಟ್ಟಿಲಿಗೊಂದು ಬೈಗುಳ, ತಿರುವಿಗೊಂದು ಉಸಿರು.
ಬಸ್ಸಿನ ಕಂಡಕ್ಟರು ಅವಳು.
ತಿರುಗುಗಂಬಿಯ ಪಕ್ಕದ ಕುರ್ಚಿಯಲ್ಲಿ ದಿನವಿಡೀ ಕೂತು
ಸಂಜೆಯ ಹೊತ್ತಿಗೆ ಪಾದ
ಹುದುಗು ಬಂದ ಹಿಟ್ಟು.
ಬೆರಳಿಟ್ಟರೆ ಗುಳಿ. ಗುಳಿ ತುಂಬುವಷ್ಟರಲ್ಲಿ
ಅವಳ ದೂರಿನಿಂದ ಕೋಣೆ ತುಂಬಿರುತ್ತದೆ.

ನನ್ನದು ಬಲದ ಕೆಲಸವಲ್ಲ.
ಇಪ್ಪತ್ತು ವರ್ಷ ಹೋಟೆಲಿನ ಹಾಸುಬಟ್ಟೆ ಹಿಂಡಿದ ಕೈ ಇದು,
ಸಂಜೆಶಾಲೆಯ ಇವೊನೇತೆ ಮೇಡಂ
ಇದಕ್ಕೆ ಮರೆವು ಕಲಿಸಿದಳು.
ಕಳಿತ ಗೇರುಹಣ್ಣು ಮುಂದಿಟ್ಟು
'ಸಿಪ್ಪೆ ಸರಿಯಲಿ, ರಸ ಬರಕೂಡದು' ಎಂದಳು.
ಮೂರು ವಾರ ನನ್ನ ಮೇಜೆಲ್ಲ ರಸ.

ರಕ್ತವನ್ನು ನೂಕಲು ಗುಂಡಿಗೆಯಿದೆ.
ಈ ಇನ್ನೊಂದಕ್ಕೆ, ಪುಸ್ತಕದಲ್ಲಿ ದುಗ್ಧರಸ,
ತನ್ನದೆಂಬ ಗುಂಡಿಗೆಯಿಲ್ಲ.
ಹಾಲಲ್ಲ, ನೀರೂ ಅಲ್ಲ;
ಯಾರೂ ಲೆಕ್ಕಕ್ಕೆ ಹಿಡಿಯದ ಚಿಕ್ಕಮ್ಮನ ಹಾಗೆ
ಎಲ್ಲರ ಕಸ ಹೊತ್ತು ಸದ್ದಿಲ್ಲದೆ ಓಡಾಡುವುದು.
ನಡೆದರೆ ನಡೆಯುತ್ತದೆ,
ಕೂತವಳ ಕಾಲಲ್ಲಿ ಕೂತೇ ಬಿಡುತ್ತದೆ.

ಎಡ ಮಗ್ಗುಲಿಗೆ ಮಲಗಿಸುತ್ತೇನೆ, ಮೊಣಕಾಲ ನಡುವೆ ದಿಂಬು.
ಮೊದಲು ಕೊರಳ ಬುಡದ ಎರಡು ಗುಣಿ.
'ಊದಿದ್ದು ಕಾಲು, ಕೊರಳೇಕೆ?' ಕೇಳಿದ್ದಳು ಮೊದಲ ದಿನ.
ಕಾಲುವೆ ಬಿಡಿಸುವವರು
ಕಡಲ ಬಾಯಿಂದ ಶುರುಮಾಡುತ್ತಾರೆ, ಎಂದೆ.
ಹೊಟ್ಟೆ ನನ್ನ ಸೀಮೆಯಲ್ಲ, ಅಲ್ಲಿ ಒತ್ತುವುದಿಲ್ಲ.
ಆಮೇಲೆ ತೊಡೆಸಂದು, ತೊಡೆ, ಮೊಣಕಾಲ ಹಿಂದು,
ಕಟ್ಟಕಡೆಗೆ ಪಾದ.
ಹೋಗುವಾಗ ಚಪ್ಪಲಿಯ ಪಟ್ಟಿ ಒಂದು ತೂತು ಒಳಗೆ.
ರಾತ್ರಿ ನಾಲ್ಕು ತಾಸು ಒಂದೇ ನಿದ್ದೆ.
ಇಷ್ಟೇ ನನ್ನ ಪವಾಡ;
ಮಾರನೆ ಸಂಜೆಗೆ ಅರ್ಧ ತಿರುಗಿ ಬರುತ್ತದೆ.

ಈ ಮಂಗಳವಾರ
ಬೈಗುಳವಿಲ್ಲದೆ ಹತ್ತಿಬಂದಳು.

ಬಲಗಾಲು ಎಂದಿನ ಹಿಟ್ಟು.
ಎಡಗಾಲು ಬೇರೆ ಯಾರದೋ.
ದರ್ಜಿಯ ಟೇಪು ಸುತ್ತಿದೆ: ಮೂರೂವರೆ ಸೆಂಟಿಮೀಟರು ಹೆಚ್ಚು.
ಅಂಗೈಯ ಬೆನ್ನು ತಾಕಿಸಿದೆ: ಬಿಸಿ.
ಮೀನಖಂಡ ಕೆಂಪಗೆ ಬಿಗಿದಿದೆ.
'ರಾತ್ರಿಯಿಂದ ಜಗ್ಗುತ್ತಿದೆ. ಇವತ್ತು ಗಟ್ಟಿಯಾಗಿ ಒತ್ತು,
ಹತ್ತು ರಿಯಾಲು ಹೆಚ್ಚಿಗೆ ಕೊಡುತ್ತೇನೆ.'

ಕೈ ಮುಂದಾಯಿತು. ಅದೇ ಹಳೆಯ ಹಿಂಡುವ ಕೈ.
ಹಿಂದಕ್ಕೆಳೆದು ಕಂಕುಳಲ್ಲಿ ಅದುಮಿಕೊಂಡೆ,
ಕಚ್ಚುವ ನಾಯಿಯನ್ನು ಹಿಡಿದ ಹಾಗೆ.
ಇವತ್ತು ಮುಟ್ಟುವುದಿಲ್ಲ, ಎಂದೆ.

ಅತ್ತಳು. ಮುನಿದಳು.
ಮೂರು ಮಹಡಿ ಯಾಕೆ ಹತ್ತಿಸಿದೆ ಎಂದಳು.
ಒಳಗೆ ರಕ್ತ ಹೆಪ್ಪುಗಟ್ಟಿ ಕೂತಿದ್ದರೆ,
ನಾನದನ್ನು ಒತ್ತಿ ಎಬ್ಬಿಸಿದರೆ,
ಅದು ಹಿಡಿಯುವ ದಾರಿ ಎದೆಗೂಡಿನದು.
ಇದನ್ನು ಹೇಳಲಿಲ್ಲ. 'ಆಸ್ಪತ್ರೆ, ಈಗಲೇ'
ಇಷ್ಟು ಹೇಳಿ ಕೆಳಮನೆಯ ಎಡ್ವಲ್ದುವಿನ ಟ್ಯಾಕ್ಸಿ ಕೂಗಿದೆ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಇಳಿಸಿದೆವು,
ಜುಲೈಯಲ್ಲಿ ಕಾರ್ಮುವಿನ ಮಾತೆಯನ್ನು ಹೊರುವ ಹಾಗೆ.
ಎರಡನೆ ಮಹಡಿಯ ತಿರುವಿನಲ್ಲಿ
ಈ ಮಾತೆ ಮತ್ತೆ ಬೈಯತೊಡಗಿದಳು.
ಜೀವ ಬಂತು ನನಗೆ.

ಒಂಬತ್ತಕ್ಕೆ ಫೋನು ಮಿಣುಕಿತು:
'ಹೆಪ್ಪು ಸಿಕ್ಕಿತಂತೆ, ತೊಡೆಯಲ್ಲಿ.
ದಿನಾ ಸೂಜಿ. ಮಗು ಒದೆಯುತ್ತಿದೆ.
ನಿನ್ನ ಮೇಲೆ ಇನ್ನೂ ಸಿಟ್ಟಿದೆ.'

ಅವಳಿಗೆಂದು ಮಡಿಸಿಟ್ಟ ಬಟ್ಟೆ
ಮಡಿಸಿದ ಹಾಗೇ ಇದೆ. ಒಗೆಯುವುದೋ ಬೇಡವೋ
ತಿಳಿಯದೆ ಕಪಾಟಿನ ಮೇಲೆ ಇಟ್ಟೆ.

ಬುಧವಾರ ಆರೂವರೆಗೆ ಇನ್ನೊಬ್ಬ ಬಸುರಿ
ಮೆಟ್ಟಿಲು ಹತ್ತುತ್ತಿದ್ದಾಳೆ.
ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೇನೆ
ಎರಡು ಹೆಜ್ಜೆಯ ಸದ್ದೂ ಒಂದೇ ಇದೆಯೇ ಎಂದು.