ಹದಿನಾಲ್ಕನೆಯ ಡಬ್ಬಿ

ಒಸ್ತ್ರಾವಾ. ಏಳನೆಯ ಮಹಡಿ. ಫ್ರೀಜರಿನಲ್ಲಿ
ಬಟಾಣಿ ಪೊಟ್ಟಣದ ಪಕ್ಕ ಇನ್ನೊಂದು ಪೊಟ್ಟಣ:
ಕಣ್ಣು ಬಿಡದ ಇಲಿಮರಿಗಳು, ಒಂದೊಂದೂ ಬೆರಳ ಗೆಣ್ಣಿನಷ್ಟು.
ಮೇಲೆ ವ್ಲಾಸ್ತಿಮಿಲನ ಹೆಂಡತಿ ಬರೆದಿದ್ದಾಳೆ
ದಪ್ಪಕ್ಷರದಲ್ಲಿ: ಇದು ಅಡುಗೆಗಲ್ಲ.

ಹದಿನಾಲ್ಕು ಮೊಟ್ಟೆ ಇಟ್ಟಿತ್ತು ಅವನ ಹಾವು, ಮೇ ತಿಂಗಳಲ್ಲಿ.
ಜೋಳದ ಹಾವು ಎಂದು ಹೆಸರು;
ಜೋಳವನ್ನು ಅದು ಮೂಸಿಯೂ ನೋಡುವುದಿಲ್ಲ.
ಹಾವಿಗೆ ಹಾಲೆರೆಯುವ ನಮ್ಮ ಗಾದೆ
ಈ ಊರಿಗೆ ಬಂದಿಲ್ಲ. ಬಂದರೂ
ಅವನು ತಲೆಯಾಡಿಸಿಯಾನು: ಹೌದು, ಹಾಲು ಕೂಡದು,
ಹೊಟ್ಟೆ ಕೆಡುತ್ತದೆ.

ಅರವತ್ತೆರಡನೆಯ ದಿನ ಮೊಟ್ಟೆ ಸೀಳಿತು.
ಮೊದಲು ಒಂದು ಮೂತಿ, ಆಮೇಲೆ ಇಡೀ ಹಗಲು ಏನೂ ಇಲ್ಲ,
ಬರಲೋ ಬೇಡವೋ ಎಂಬಂತೆ.
ಒಂಬತ್ತು ದಿನಕ್ಕೆ ಮೊದಲ ಪೊರೆ,
ಈರುಳ್ಳಿಯ ಒಳಪದರದಂತೆ ಉಗುರಿಗಂಟುವಷ್ಟು ತೆಳು.
ಪೊರೆ ಬಿಟ್ಟ ಮೇಲೆಯೇ ಹಸಿವು.

ಮೊಸರಿನ ಖಾಲಿ ಡಬ್ಬಿಗಳು, ಮುಚ್ಚಳಕ್ಕೆ ಸೂಜಿಯ ತೂತು.
ಟ್ರಾಮಿನ ಗ್ರೀಸು ಉಗುರ ಸಂದಿಯಲ್ಲೇ ಉಳಿದ ಬೆರಳು
ಬಿಸಿನೀರಿಂದೆತ್ತಿದ ಗುಲಾಬಿ ತುಣುಕನ್ನು
ಇಕ್ಕಳದಲ್ಲಿ ಅಲ್ಲಾಡಿಸುತ್ತದೆ, ಅದಕ್ಕೆ ಜೀವ ನಟಿಸುತ್ತ.
ಒಂದು ಕಚ್ಚಿತು. ಸತ್ತದ್ದನ್ನೇ ಸುತ್ತಿ ಮತ್ತೆ ಕೊಂದಿತು.
ಎಡ ದವಡೆ, ಬಲ ದವಡೆ, ಮತ್ತೆ ಎಡ:
ಬಾಯಿಯೇ ಊಟದ ಮೇಲೆ ನಡೆದು ಹೋಯಿತು.
ಸಂಜೆಯೊಳಗೆ ಹದಿಮೂರು ಡಬ್ಬಿಗಳಲ್ಲಿ
ಹದಿಮೂರು ಗಂಟು ಬಿದ್ದ ದಾರಗಳು.

ಹದಿನಾಲ್ಕನೆಯದು ಒಲ್ಲೆ ಎಂದಿತು.
ಕತ್ತು ಕೊಕ್ಕೆ ಮಾಡಿ, ಬಾಲ ನಡುಗಿಸಿ, ಒಲ್ಲೆ.
ಹಲ್ಲಿಯ ಪೊರೆ ತಿಕ್ಕಿ ವಾಸನೆ ಹಿಡಿಸಿ ಕೊಟ್ಟ. ಒಲ್ಲೆ.
ಇಲಿಮರಿಯ ತಲೆ ಸೀಳಿ ಕೊಟ್ಟ
(ಬರೆಯಲು ನನ್ನ ಕೈ ಹಿಂಜರಿಯಿತು, ಅವನದಲ್ಲ). ಒಲ್ಲೆ.
ಹಿಟ್ಟು ತೂಗುವ ತಕ್ಕಡಿಯಲ್ಲಿ ಆರು ಗ್ರಾಂ.
ಮರುವಾರ ಐದು.
ಗೆಳೆಯ ಯಾರೋಮೀರ್ ಫೋನಿನಲ್ಲಿ ಹೇಳಿದ:
ಬಾಯಿ ಬಿಡಿಸಿ ತುರುಕು. ಇಲ್ಲವೇ ಬಿಡು,
ಕೆಲವು ಹುಟ್ಟುವುದೇ ಅಷ್ಟಕ್ಕೆ.

ಮೂರನೆಯ ವಾರ, ಇಕ್ಕಳದ ತುದಿ
ಆ ಪುಟ್ಟ ತುಟಿಗೆ ತಾಗಿದಾಗ
ಅವನ ಹಲ್ಲಿಗೇ ಚಮಚ ಬಡಿದ ಸದ್ದಾಯಿತು.
ಅನಾಥಾಲಯದ ಉದ್ದ ಮೇಜು. ಆರುತ್ತಿರುವ ಸಬ್ಬಸಿಗೆ ಸಾರು.
ಬಾಯಿಗೆ ಬೀಗ ಹಾಕಿಕೊಂಡ ಆರು ವರ್ಷದವನು,
ಸುತ್ತ ನಲವತ್ತು ಜೊತೆ ಕಣ್ಣು.
ಅಡುಗೆಯ ಹೆರ್ಮೀನಾ ಬಟ್ಟಲನ್ನೂ ಎತ್ತಿದಳು, ಅವನನ್ನೂ ಎತ್ತಿದಳು,
ಆಲೂಗಡ್ಡೆಯ ಉಗ್ರಾಣದಲ್ಲಿ ಇಬ್ಬರನ್ನೂ ಕೂರಿಸಿ
ದೀಪ ಆರಿಸಿ ಹೋದಳು.
ತಿಂದೆಯಾ ಎಂದು
ಆಮೇಲೂ ಕೇಳಲಿಲ್ಲ.

ಇಕ್ಕಳ ಕೆಳಗಿಟ್ಟ.
ತುಣುಕನ್ನು ಡಬ್ಬಿಯೊಳಗೆ ಬಿಟ್ಟು, ಟವೆಲು ಹೊದಿಸಿ,
ಬಟ್ಟೆ ಬೀರುವಿನಲ್ಲಿ ಕೋಟುಗಳ ಕೆಳಗೆ ಇಟ್ಟು ಬಾಗಿಲೆಳೆದ.
ನಿದ್ದೆಗಣ್ಣಲ್ಲಿ ಹೆಂಡತಿ: ಏನದು ಬೀರುವಿನಲ್ಲಿ?
ಒಬ್ಬರು ಊಟಕ್ಕೆ ಕೂತಿದ್ದಾರೆ, ಮಲಗು.

ನಾಲ್ಕಕ್ಕೆ ಪಾಳಿ. ಹೊರಗೆ ಮಳೆ ಹನಿಯುತ್ತಿತ್ತು.
ಬೂಟು ಕಟ್ಟಿದ. ಬೀರುವಿನ ಹಿಡಿಗೆ ಕೈ ಹಾಕಿದವನು
ಹಿಂದೆಳೆದುಕೊಂಡ.
ಕೋಟು ಒಳಗೇ ಉಳಿಯಿತು.
ದಿನದ ಮೊದಲ ಟ್ರಾಮಿನಲ್ಲಿ
ಒದ್ದೆ ಅಂಗಿಯ ಒಬ್ಬ ಕೂತಿದ್ದ,
ಎದುರಿನವರು ಬ್ರೆಡ್ಡು ಬಿಚ್ಚುತ್ತಲೂ
ಕಿಟಕಿಯ ಕಡೆ ತಿರುಗಿಕೊಂಡ.