ಬೆಳಗಿನ ಜಾವದ ಬೀಜಗಣಿತ

ನಾಣ್ಯ ನುಂಗಿದ ಯಂತ್ರದೊಳಗೆ ನನ್ನ ನೀಲಿ ಸಮವಸ್ತ್ರ ಗಿರಗಿರ ತಿರುಗುತ್ತಿದೆ.
ಅದರ ನೆತ್ತಿಯ ಮೇಲೆ ಮೂರು ಕಾಗದ ಹರವಿದ್ದೇನೆ.
ನಡುಗುವ ಯಂತ್ರ ಮೂರನ್ನೂ ಚೂರುಚೂರೇ ಅಂಚಿಗೆ ತಳ್ಳುತ್ತಿದೆ.
ಹೊರಗೆ ಕೆಂಟಕಿಯ ಮಂಜು ಬೆಟ್ಟ ಇಳಿದು ಬಂದು
ಮುಚ್ಚಿಹೋದ ಗಣಿ ಕಚೇರಿಯ ಬಾಗಿಲಲ್ಲಿ ನಿಂತಿದೆ,
ಇನ್ನೂ ಸಂಬಳಕ್ಕೆ ಕಾದವರ ಹಾಗೆ.

ಒಂದರಲ್ಲಿ: ಒಂದೇ ವರ್ಷ, ಕೈಗೊಂದು ಲೈಸೆನ್ಸು,
ಗಂಟೆಗೆ ಆರು ಡಾಲರ್ ಹೆಚ್ಚು.
ಇನ್ನೊಂದರಲ್ಲಿ: ಎರಡು ವರ್ಷ, ಹೊಳೆಯಾಚೆಯ ಸಣ್ಣ ಕಾಲೇಜು,
ಸಂಜೆ ತರಗತಿ, ಪಾರ್ಕಿಂಗ್ ಉಚಿತ.
ಮೂರನೆಯದು ನುಣುಪು ಕಾಗದ. ನಾಲ್ಕು ವರ್ಷ. ಬೆಟ್ಟ ದಾಟಿ ಎರಡು ಗಂಟೆಯ ದಾರಿ.
ಡಿಗ್ರಿ ಎಂಬುದನ್ನು ಮುಟ್ಟಿದರೆ ಬೆರಳಿಗೆ ತಗಲುವಷ್ಟು ಉಬ್ಬಿಸಿ ಅಚ್ಚು ಹಾಕಿದ್ದಾರೆ.
ಅದರ ಮೇಲೆ ನಗುತ್ತಿರುವ ಹುಡುಗಿಗೆ ಹತ್ತೊಂಬತ್ತಿರಬೇಕು.
ನನಗೆ ಮೂವತ್ತೆಂಟು.
ಅಂಥವರಿಬ್ಬರನ್ನು ಕೂಡಿಸಿದರೆ ಸರಿಯಾಗಿ ನಾನೊಬ್ಬಳು.

ಅಕ್ಕ ಒಡೆಸ್ಸಾ ಅಂದಳು, 'ಹಸಿದವಳು ಅಡುಗೆ ಪುಸ್ತಕ ಓದ್ತಾ ಕೂರ್ತಾಳೇನೇ?
ಒಂದು ವರ್ಷದ್ದು ತಗೊಂಡು ಸುಮ್ನಿರು.'
ಡೆಲ್ಬರ್ಟ್ ಏನೂ ಅನ್ನಲಿಲ್ಲ. ಹೊರಗೆ ಹೋಗಿ
ಟ್ರಕ್ಕಿನ ನಾಲ್ಕೂ ಟೈರು ಒದ್ದು ನೋಡಿ ಬಂದ.
ಬೆಟ್ಟ ದಾಟುವ ಲೆಕ್ಕ ಅವನು ಮಾಡುವುದು ಹಾಗೆ.
ಮಗಳು ಮಕೇಲಾ ಮಾತ್ರ ತನ್ನ ಗಣಿತದ ಪುಸ್ತಕ ನನ್ನತ್ತ ದೂಡಿ,
'ಎಕ್ಸ್ ಅಂದ್ರೆ ಹೆದರಬೇಡಮ್ಮ, ಅದು
ಯಾರೋ ಇನ್ನೂ ಹೆಸರು ಹೇಳದೆ ಇರೋರು, ಅಷ್ಟೇ' ಅಂದಳು.

ಹೆಸರು ಹೇಳದೆ ಇರೋರು.

ಹೋದ ತಿಂಗಳು ಹದಿನಾಲ್ಕನೇ ಕೋಣೆಯಲ್ಲಿ
ಹಾಸ್ಕಿನ್ಸ್ ಅಜ್ಜ, ನಲವತ್ತು ವರ್ಷದ ಕಲ್ಲಿದ್ದಲ ಪುಡಿ ಎದೆಯೊಳಗೆ,
ಹೊದಿಕೆಯ ದಾರ ಕೀಳುತ್ತಿದ್ದರು.
ನನ್ನನ್ನು ಯಾವುದೋ ತಂಗಿಯ ಹೆಸರು ಹಿಡಿದು ಕರೆದರು.
ಯಂತ್ರದ ಹಸಿರು ಅಂಕಿಗಳು ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದವು.
ನಾನು ಓಡಿದೆ. ನರ್ಸ್ ಕೇಳಿದಳು, ಏನು ಕಂಡಿತು ನಿನಗೆ?
'ಅವರು ಅವರ ಹಾಗಿಲ್ಲ.'
ಅದನ್ನು ಬರೆಯಲು ಚಾರ್ಟಿನಲ್ಲಿ ಕಾಲಂ ಇರಲಿಲ್ಲ.
ಆದರೂ ಅವಳು ಎದ್ದು ಬಂದಳು, ಬಗ್ಗಿ ಎದೆಗೆ ಕಿವಿಗೊಟ್ಟಳು,
ಆಮೇಲೆ ಫೋನಿನಲ್ಲಿ ಒಂದು ಉದ್ದದ ಪದ ಹೇಳಿದಳು,
ಸಾಕಿದ ನಾಯಿಯನ್ನು ಮನೆಯೊಳಗೆ ಕರೆದಷ್ಟು ಸಲೀಸಾಗಿ.
ಆಂಬುಲೆನ್ಸಿನ ಕೆಂಪು ಗೋಡೆಯ ಮೇಲೆ ಸುತ್ತುತ್ತಿದ್ದಾಗ
ನಾಚಿಕೆ ಬಿಟ್ಟು ಹೇಳುತ್ತೇನೆ,
ನನಗೆ ಆ ಪದದ ಮೇಲೆ ಹೊಟ್ಟೆಕಿಚ್ಚಾಯಿತು.
ಗುರುವಾರ ಅಜ್ಜ ವಾಪಸು ಬಂದರು. ಸೂಪಿಗೆ ಉಪ್ಪಿಲ್ಲವೆಂದು ಬೈದರು.

ಹನ್ನೊಂದು ವರ್ಷ ನೋಡಿದ್ದೇನೆ.
ಮೈ ಒರೆಸುತ್ತ, ಮಗ್ಗುಲು ಹೊರಳಿಸುತ್ತ,
ಹಿಮ್ಮಡಿಯ ಚರ್ಮ ಒಡೆಯುವ ಮುಂಚೆ ಯಾವ ಬಣ್ಣಕ್ಕೆ ತಿರುಗುತ್ತದೆಂದು ಬಲ್ಲೆ.
ಬಲ್ಲದ್ದಕ್ಕೆಲ್ಲ ಹೆಸರು ಬೇಕಾಗಿದೆ ಈಗ.

ತಿರುಗಣೆಯ ಕೊನೆಯ ಕುಲುಕಿಗೆ ಒಂದು ಕಾಗದ ಜಾರಿ
ಯಂತ್ರದ ಹಿಂದಕ್ಕೆ ಬಿತ್ತು. ಒಂದು ವರ್ಷದ್ದು.
ಶಕುನ ಅಂದುಕೊಳ್ಳಬಹುದಿತ್ತು.
ಹ್ಯಾಂಗರಿನ ತಂತಿ ಬಗ್ಗಿಸಿ ಎಳೆದು ತೆಗೆದೆ,
ನೂಲಿನ ಕಸ ಕೊಡವಿ ಇನ್ನೊಮ್ಮೆ ಪೂರ್ತಿ ಓದಿದೆ.
ಆಮೇಲೆ ಮಡಚಿ ಪಕ್ಕಕ್ಕಿಟ್ಟೆ.

ಹೊಳೆಯಾಚೆಯ ಕಾಲೇಜಿನ ಅರ್ಜಿ.
ಹೆಸರು: ಡ್ರೀಮಾ ಸ್ಟಿಡಮ್.
ಹೈಸ್ಕೂಲಿನ ಗಣಿತ: ನಪಾಸು. ಸುಳ್ಳು ಯಾಕೆ.
ಮುಂದಿನ ಗುರಿ ಎಂದು ಕೇಳಿದ ಕಡೆ ಡಿಗ್ರಿ ಎಂದು ಬರೆದೆ,
ಪೆನ್ನು ಒತ್ತಿ, ನನ್ನದೂ ಬೆರಳಿಗೆ ತಗಲುವ ಹಾಗೆ.
ಅಂಚಿನಲ್ಲಿ ಚಿಕ್ಕದಾಗಿ ನನಗೇ ಒಂದು ಲೆಕ್ಕ ಹಾಕಿಕೊಂಡೆ:
ಎರಡು ಕೂಡಿಸು ಎಕ್ಸ್.
ಎಕ್ಸ್ ಇನ್ನೆರಡು ವರ್ಷವಿರಬಹುದು,
ಟೈರು ಸವೆದರೆ, ಅಮ್ಮ ಬಿದ್ದರೆ, ಏಳೂ ಆಗಬಹುದು.

ಡ್ರೈಯರಿಗೆ ಉಳಿದದ್ದು ಎರಡೇ ನಾಣ್ಯ.
ಬಟ್ಟೆ ಪೂರ್ತಿ ಒಣಗಲಿಲ್ಲ.
ಏಳು ಗಂಟೆಗೆ ಪಾಳಿ. ಹಾಗೇ ತೊಟ್ಟು ಹೊರಟೆ.
ಜೇಬಿನ ಹತ್ತಿರ ಇನ್ನೂ ತಣ್ಣಗಿದೆ,
ಅರ್ಜಿಯನ್ನು ಕೈಯಲ್ಲೇ ಹಿಡಿದಿದ್ದೇನೆ.